ವಿಮಾನದ ದೂರ, ಪ್ರಯಾಣದ ಹೊತ್ತು: ನಾಗಪುರದಿಂದ ಒಂದು ಲೆಕ್ಕ

ನಾಗಪುರದ ಹಳೆಯ ಭಾಗದಲ್ಲಿ ಇತವಾರಿ ಎಂಬ ಪೇಟೆಯಿದೆ. ಇತವಾರವೆಂದರೆ ಭಾನುವಾರ. ವಾರದ ದಿನಗಳ ಹೆಸರನ್ನೇ ಹೊತ್ತ ಬುಧವಾರಿ, ಶುಕ್ರವಾರಿ, ಶನಿವಾರಿಗಳೂ ಅದೇ ನಗರದಲ್ಲಿವೆ. ಧಾನ್ಯ, ಬಟ್ಟೆ, ಕಿರಾಣಿ ಹಾಗೂ ಬೆಳ್ಳಿಬಂಗಾರದ ವ್ಯಾಪಾರಕ್ಕೆ ಇತವಾರಿ ಬಹುಕಾಲದಿಂದ ಹೆಸರಾಗಿದೆ. ಅಡಿಕೆಯ ಸಗಟು ವ್ಯಾಪಾರವೂ ಇಲ್ಲಿ ದೊಡ್ಡದಾದುದರಿಂದ ಮಲೆನಾಡು ಮತ್ತು ಕರಾವಳಿಯ ಮಂಡಿಗಳಿಗೆ ನಾಗಪುರ ಅಪರಿಚಿತವಲ್ಲ.

ಈ ಪೇಟೆಯಿಂದ ಬೆಂಗಳೂರು ಎಷ್ಟು ದೂರ ಎಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಹೆದ್ದಾರಿಯಲ್ಲಿ ಹೋಗುವ ಲಾರಿಯ ಚಾಲಕನು ಹೆಚ್ಚುಕಡಿಮೆ 1,100 ಕಿ.ಮೀ. ಎನ್ನುತ್ತಾನೆ. ಎರಡು ವಿಮಾನ ನಿಲ್ದಾಣಗಳ ನಡುವಣ ದೂರ 889 ಕಿ.ಮೀ. ಮಾತ್ರ. ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳಿದರೆ ಉತ್ತರಗಳು ಇನ್ನೂ ದೂರ ಸರಿಯುತ್ತವೆ. ಆಕಾಶದಲ್ಲಿ ಪೂರ್ಣ ವೇಗದಿಂದ ಹಾರುವ ಜೆಟ್ ವಿಮಾನಕ್ಕೆ ಇದು ಸುಮಾರು ಒಂದು ಗಂಟೆಯ ಹಾದಿ. ವೇಳಾಪಟ್ಟಿಯ ಪ್ರಕಾರ ಸುಮಾರು ಒಂದೂಮುಕ್ಕಾಲು ಗಂಟೆ. ಅಂಗಡಿಯ ಬಾಗಿಲು ಹಾಕಿ ಹೊರಟು ಬೆಂಗಳೂರಿನ ನೆಂಟರ ಮನೆಯ ಬಾಗಿಲು ತಟ್ಟುವವನಿಗೆ ಆರು ಗಂಟೆಗೂ ಮಿಗಿಲು. ಈ ಉತ್ತರಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದೂ ಬೇರೆಬೇರೆ ವಸ್ತುವನ್ನು ಅಳೆಯುತ್ತದೆ. ಆಸ್ಪತ್ರೆಗೋ ಪರೀಕ್ಷೆಗೋ ನ್ಯಾಯಾಲಯದ ತಾರೀಖಿಗೋ ಹೊರಟವರು ಯಾವ ಲೆಕ್ಕವನ್ನು ನಂಬಿ ಹೊರಡಬೇಕೆಂಬುದನ್ನು ತಿಳಿದಿರುವುದು ಅಗತ್ಯ.

ಕಿತ್ತಳೆಯ ಮೇಲಿನ ದಾರ

ರಸ್ತೆಯು ಬೆಟ್ಟವನ್ನು ಬಳಸುತ್ತದೆ, ಹೊಳೆಗೆ ಸೇತುವೆಯನ್ನು ಹುಡುಕುತ್ತದೆ, ನಡುವಿನ ಊರುಗಳನ್ನು ಮುಟ್ಟುತ್ತದೆ. ವಿಮಾನಕ್ಕೆ ಈ ಕಟ್ಟುಪಾಡುಗಳಿಲ್ಲ. ಆದರೂ ಅದರ ಹಾದಿಯನ್ನು ‘ನೇರರೇಖೆ’ ಎನ್ನುವುದು ಪೂರ್ತಿ ಸರಿಯಲ್ಲ. ಭೂಮಿ ದುಂಡಗಿರುವುದರಿಂದ ಅದರ ಮೇಲಿನ ಹಾದಿಯೂ ಬಾಗಿರಲೇಬೇಕು. ನಾಗಪುರದ ಹೆಸರುವಾಸಿ ಕಿತ್ತಳೆಯೊಂದನ್ನು ಕೈಗೆ ತೆಗೆದುಕೊಂಡು, ಅದರ ಮೇಲೆ ಎರಡು ಚುಕ್ಕೆಗಳನ್ನಿಟ್ಟು, ಅವುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ದಾರವು ತಾನೇ ಅತ್ಯಂತ ಹತ್ತಿರದ ಹಾದಿಯನ್ನು ಹಿಡಿಯುತ್ತದೆ. ಆ ದಾರವನ್ನು ಅದೇ ದಿಕ್ಕಿನಲ್ಲಿ ಮುಂದುವರಿಸಿ ಹಣ್ಣನ್ನು ಪೂರ್ತಿ ಸುತ್ತಿದರೆ ಹಣ್ಣು ಸರಿಯಾಗಿ ಎರಡು ಪಾಲಾಗುತ್ತದೆ. ಇಂಥ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಎರಡು ವಿಮಾನ ನಿಲ್ದಾಣಗಳ ದೂರವೆಂದರೆ ಅವೆರಡನ್ನೂ ಹಾಯುವ ಮಹಾವೃತ್ತದ ಚಿಕ್ಕ ತುಂಡಿನ ಉದ್ದ.

ಹತ್ತಿರದ ನಿಲ್ದಾಣಗಳ ದೂರವನ್ನು ಪ್ರೌಢಶಾಲೆಯ ಗಣಿತದಿಂದಲೇ ಕಂಡುಕೊಳ್ಳಬಹುದು. ನಾಗಪುರದ ನಿಲ್ದಾಣವು ಉತ್ತರ ಅಕ್ಷಾಂಶ 21.09, ಪೂರ್ವ ರೇಖಾಂಶ 79.05ರಲ್ಲಿಯೂ, ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣವು 13.20 ಮತ್ತು 77.71ರಲ್ಲಿಯೂ ಇವೆ. ಅಕ್ಷಾಂಶದ ಅಂತರ 7.89 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ.ನಂತೆ ಇದು 877 ಕಿ.ಮೀ. ಆಗುತ್ತದೆ. ರೇಖಾಂಶದ ಅಂತರ 1.34 ಡಿಗ್ರಿ. ರೇಖಾಂಶಗಳು ಧ್ರುವದ ಕಡೆಗೆ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, ಈ ಎರಡು ಊರುಗಳ ನಡುವಿನ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ ಸುಮಾರು 106 ಕಿ.ಮೀ. ಮಾತ್ರ ಸಿಗುತ್ತದೆ, ಒಟ್ಟು 142 ಕಿ.ಮೀ. ಲಂಬಕೋನ ತ್ರಿಭುಜದ ಎರಡು ಬದಿಗಳು ಸಿಕ್ಕಿದವು. ಇವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 888 ಕಿ.ಮೀ. ಬರುತ್ತದೆ. ಗೋಳದ ಗಣಿತವನ್ನು ಪೂರ್ತಿ ಬಳಸಿದರೆ 889. ಪೈಲಟ್‌ಗಳು ಇದನ್ನೇ 480 ನಾಟಿಕಲ್ ಮೈಲಿ ಎನ್ನುತ್ತಾರೆ. ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ.

ದೂರ ಹೆಚ್ಚಾದಂತೆ ಈ ಸುಲಭ ತ್ರಿಭುಜವು ಕೈಕೊಡುತ್ತದೆ. ಶಾಲೆಯ ಗೋಡೆಯ ಮೇಲಿನ ಭೂಪಟವೂ ದಾರಿ ತಪ್ಪಿಸುತ್ತದೆ. ಸಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರುಗಳನ್ನು ಭೂಪಟದಲ್ಲಿ ಗೆರೆಯೆಳೆದು ಜೋಡಿಸಿದರೆ ಗೆರೆಯು ಸಾಗರಗಳ ಮೇಲೆ ಅಡ್ಡಲಾಗಿ ಸಾಗುತ್ತದೆ. ಕಿತ್ತಳೆಯ ಮೇಲಿನ ದಾರವಾದರೋ ಉತ್ತರ ಧ್ರುವದ ಸಮೀಪದಿಂದ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ಎರಡು ನಗರಗಳ ನಡುವೆ ಮೊದಲ ತಡೆರಹಿತ ಹಾರಾಟವನ್ನು ನಡೆಸಿದಾಗ ವಿಮಾನವು ಆ ಧ್ರುವಮಾರ್ಗವನ್ನೇ ಹಿಡಿಯಿತು. ದೂರ ಸುಮಾರು 14,000 ಕಿ.ಮೀ. ಚಾಲಕರೆಲ್ಲರೂ ಮಹಿಳೆಯರಾಗಿದ್ದರು.

ಎರಡು ರೇಖೆಗಳು ಕೂಡುವ ಸ್ಥಳ

ಇದೇ ದಾರವನ್ನು ಈಗ ನಮ್ಮ ದೇಶದ ನಾಲ್ಕು ದೊಡ್ಡ ನಗರಗಳ ನಡುವೆ ಎಳೆದು ನೋಡಬಹುದು. ದೆಹಲಿಯಿಂದ ಚೆನ್ನೈಗೆ ಒಂದು, ಮುಂಬಯಿಯಿಂದ ಕೋಲ್ಕತ್ತಕ್ಕೆ ಇನ್ನೊಂದು. ಈ ಎರಡೂ ರೇಖೆಗಳು ಒಂದನ್ನೊಂದು ಅಡ್ಡ ಹಾಯುವುದು ವರ್ಧಾ ಜಿಲ್ಲೆಯ ಹಿಂಗಣಘಾಟ್ ಪಟ್ಟಣದ ಆಸುಪಾಸಿನಲ್ಲಿ, ನಾಗಪುರದ ವಿಮಾನ ನಿಲ್ದಾಣದಿಂದ ಸುಮಾರು 60 ಕಿ.ಮೀ. ದೂರದಲ್ಲಿ.

ಇದರ ಪರಿಣಾಮ ಗಮನಾರ್ಹವಾದುದು. ದೆಹಲಿಯಿಂದ ಚೆನ್ನೈಗೆ ನೇರ ದೂರ 1,761 ಕಿ.ಮೀ. ದೆಹಲಿಯಿಂದ ನಾಗಪುರ 854, ಅಲ್ಲಿಂದ ಚೆನ್ನೈ 909, ಕೂಡಿದರೆ 1,763. ಮುಂಬಯಿಯಿಂದ ಕೋಲ್ಕತ್ತಕ್ಕೆ ನೇರ ದೂರ 1,666 ಕಿ.ಮೀ. ನಾಗಪುರದ ಮೂಲಕ ಹೋದರೆ 683 ಮತ್ತು 985 ಸೇರಿ 1,668. ಅಂದರೆ ದೇಶದ ಎರಡು ಕರ್ಣಗಳ ಮೇಲೆ ಪ್ರಯಾಣ ಮಾಡುವವನು ನಾಗಪುರದಲ್ಲಿ ಇಳಿದು ಹೋದರೂ ಹೆಚ್ಚುವರಿಯಾಗಿ ಹಾರುವ ದೂರ ಎರಡು-ಮೂರು ಕಿ.ಮೀ.ಗಿಂತ ಹೆಚ್ಚಿಲ್ಲ. ಬದಿಗಳ ಮಾತು ಬೇರೆ. ಮುಂಬಯಿಯಿಂದ ದೆಹಲಿಗೆ ನೇರವಾಗಿ 1,139 ಕಿ.ಮೀ.; ನಾಗಪುರದ ಮೂಲಕ ಸುಮಾರು 400 ಕಿ.ಮೀ. ಸುತ್ತು.

ಇಂಥ ಲೆಕ್ಕಗಳು ಸಾಧ್ಯವಾಗಬೇಕಾದರೆ ಮೊದಲು ಊರುಗಳ ಅಕ್ಷಾಂಶ-ರೇಖಾಂಶಗಳು ಖಚಿತವಾಗಿ ತಿಳಿದಿರಬೇಕು. ಅದರ ಹಿಂದೆ ದೀರ್ಘ ಪರಿಶ್ರಮವಿದೆ. ಅದರ ಒಂದು ಕೊನೆ ಬೆಂಗಳೂರಿನಲ್ಲಿಯೂ ಇನ್ನೊಂದು ಹಿಂಗಣಘಾಟಿನಲ್ಲಿಯೂ ಇರುವುದು ಕುತೂಹಲಕರ. ನಾಲ್ಕನೆಯ ಮೈಸೂರು ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯೊಂದನ್ನು ಅಳೆದರು. ಬಳಿಕ 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣ ಆರಂಭವಾಯಿತು. ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನಗಳನ್ನು ಅಳೆಯುತ್ತ ಉತ್ತರಕ್ಕೆ ಸಾಗಿದ ಈ ಕಾರ್ಯದಲ್ಲಿ ಇಪ್ಪತ್ತು ವರ್ಷಗಳನ್ನು ಕಳೆದ ಲ್ಯಾಂಬ್ಟನ್, ನಾಗಪುರಕ್ಕೆ ಹೋಗುವ ದಾರಿಯಲ್ಲಿ 1823ರ ಜನವರಿ 20ರಂದು ಹಿಂಗಣಘಾಟಿನಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲಿಯೇ ಇದೆ. ನಾಗಪುರದ ವಿಧಾನ ಭವನದ ಸಮೀಪದಲ್ಲಿರುವ ‘ಝೀರೋ ಮೈಲ್’ ಕಂಬವು ಇದೇ ಸರ್ವೇಕ್ಷಣಕ್ಕೆ ಸಂಬಂಧಿಸಿದುದು. ಅದನ್ನು ಭಾರತದ ನಟ್ಟನಡುವಣ ಬಿಂದು ಎಂದು ಜನ ಹೇಳುವುದುಂಟು. ಆ ಮಾತಿಗೆ ಗಣಿತದ ಬೆಂಬಲ ಸಾಲದು. ಆದರೆ ನಾಲ್ಕು ನಗರಗಳ ಲೆಕ್ಕದಲ್ಲಿ ನಾಗಪುರವು ನಡುವಿನಲ್ಲಿದೆ ಎಂಬುದಕ್ಕೆ ಮೇಲಿನ ಅಂಕಿಗಳೇ ಸಾಕ್ಷಿ.

ರಾತ್ರಿಯ ವಿಮಾನ ಅಂಚೆ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಈ ಭೂಗೋಳದ ಅನುಕೂಲವನ್ನು ದೇಶವು ಬಳಸಿಕೊಂಡ ಬಗೆ ಇಂದಿಗೂ ತಿಳಿಯತಕ್ಕದ್ದು. ಆಗ ದೆಹಲಿಯಲ್ಲಿ ಅಂಚೆಪೆಟ್ಟಿಗೆಗೆ ಹಾಕಿದ ಪತ್ರ ಮದರಾಸನ್ನು ಮುಟ್ಟಲು ರೈಲಿನಲ್ಲಿ ಎರಡು ದಿನಗಳ ಹಾದಿ. ರಫಿ ಅಹಮದ್ ಕಿದ್ವಾಯಿ ಅವರು ಸಂಪರ್ಕ ಖಾತೆಯ ಸಚಿವರಾಗಿದ್ದ ಕಾಲದಲ್ಲಿ, 1949ರ ಜನವರಿ 30ರಂದು, ರಾತ್ರಿ ವಿಮಾನ ಅಂಚೆ ಸೇವೆ ಆರಂಭವಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ರಾತ್ರಿ ಹೊರಟ ವಿಮಾನಗಳು ನಡುರಾತ್ರಿಯ ನಂತರ ನಾಗಪುರದ ಸೋನೆಗಾಂವ್ ನಿಲ್ದಾಣದಲ್ಲಿ ಸೇರುತ್ತಿದ್ದವು. ಅಲ್ಲಿ ಅಂಚೆಚೀಲಗಳನ್ನೂ ಪ್ರಯಾಣಿಕರನ್ನೂ ಬದಲಾಯಿಸಿಕೊಂಡು ಮತ್ತೆ ಹಾರುತ್ತಿದ್ದವು. ಬೆಳಗಾಗುವ ಹೊತ್ತಿಗೆ ನಾಲ್ಕೂ ನಗರಗಳಲ್ಲಿ ಉಳಿದ ಮೂರು ನಗರಗಳ ಪತ್ರಗಳಿರುತ್ತಿದ್ದವು. ಅದೇ ವರ್ಷದ ಏಪ್ರಿಲ್ 1ರಿಂದ ದೇಶದೊಳಗಿನ ಸಾಮಾನ್ಯ ಪತ್ರಗಳನ್ನೂ ಹೆಚ್ಚಿನ ಶುಲ್ಕವಿಲ್ಲದೆ ವಿಮಾನದಲ್ಲಿ ಸಾಗಿಸುವ ವ್ಯವಸ್ಥೆ ಜಾರಿಗೆ ಬಂದುದರಿಂದ, ಬಡವನ ಪತ್ರವೂ ಶ್ರೀಮಂತನ ಪತ್ರವೂ ಒಂದೇ ಚೀಲದಲ್ಲಿ ಹಾರಿದವು.

ನಾಗಪುರವನ್ನು ಆರಿಸಿದುದರಲ್ಲಿ ಎಷ್ಟು ಉಳಿತಾಯವಿತ್ತೆಂಬುದನ್ನು ಲೆಕ್ಕ ಹಾಕಬಹುದು. ನಾಲ್ಕು ನಗರಗಳನ್ನು ಎರಡೆರಡಾಗಿ ನೇರವಾಗಿ ಜೋಡಿಸಲು ಆರು ಮಾರ್ಗಗಳು ಬೇಕು. ಅವುಗಳ ಒಟ್ಟು ಉದ್ದ ಸುಮಾರು 8,300 ಕಿ.ಮೀ. ನಾಲ್ಕನ್ನೂ ನಾಗಪುರಕ್ಕೆ ಜೋಡಿಸಲು ನಾಲ್ಕೇ ಮಾರ್ಗಗಳು. ಒಟ್ಟು ಉದ್ದ ಸುಮಾರು 3,430 ಕಿ.ಮೀ. ವಿಮಾನಗಳೂ ಚಾಲಕರೂ ಇಂಧನವೂ ಕಡಿಮೆಯಿದ್ದ ದೇಶಕ್ಕೆ ಇದು ಸಣ್ಣ ಮಾತಲ್ಲ.

ಆದರೆ ದೂರಗಳು ಬೇರೆಬೇರೆಯಾದುದರಿಂದ, ಎಲ್ಲ ವಿಮಾನಗಳೂ ಒಂದೇ ಹೊತ್ತಿಗೆ ಸೇರಬೇಕೆಂದರೆ ಒಂದೇ ಹೊತ್ತಿಗೆ ಹೊರಡುವಂತಿಲ್ಲ. ಅಂದಿನ ಡಕೋಟಾ ವಿಮಾನದ ವೇಗವನ್ನು ಗಂಟೆಗೆ 270 ಕಿ.ಮೀ. ಎಂದಿಟ್ಟುಕೊಂಡರೆ ನಾಗಪುರಕ್ಕೆ ಕಲ್ಕತ್ತದಿಂದ 3 ಗಂಟೆ 40 ನಿಮಿಷ, ಮದರಾಸಿನಿಂದ 3 ಗಂಟೆ 20 ನಿಮಿಷ, ದೆಹಲಿಯಿಂದ 3 ಗಂಟೆ 10 ನಿಮಿಷ, ಮುಂಬಯಿಯಿಂದ ಎರಡೂವರೆ ಗಂಟೆ ಬೇಕು. ನಾಲ್ಕೂ ರಾತ್ರಿ ಒಂದೂವರೆಗೆ ಸೇರಬೇಕಾದರೆ ಕಲ್ಕತ್ತದ ವಿಮಾನ ರಾತ್ರಿ 9.50ಕ್ಕೆ, ಮದರಾಸಿನದು 10.10ಕ್ಕೆ, ದೆಹಲಿಯದು 10.20ಕ್ಕೆ ಹೊರಡಬೇಕು, ಮುಂಬಯಿಯದು 11 ಗಂಟೆಯವರೆಗೆ ಕಾಯಬಹುದು. ಒಂದು ಗಂಟೆಯಲ್ಲಿ ಚೀಲಗಳ ಬದಲಾವಣೆ ಮುಗಿದರೆ, ಎರಡೂವರೆಗೆ ಹೊರಟು ಮುಂಬಯಿಯನ್ನು ಐದಕ್ಕೂ ಕಲ್ಕತ್ತವನ್ನು ಆರೂಹತ್ತಕ್ಕೂ ಮುಟ್ಟಲು ಸಾಧ್ಯ. ಯಾವುದಾದರೊಂದು ವಿಮಾನ ಎದುರುಗಾಳಿಯಿಂದ ಅರ್ಧ ಗಂಟೆ ತಡವಾದರೆ ಉಳಿದ ಮೂರೂ ಕಾಯಬೇಕು, ಇಲ್ಲವೇ ಅದರ ಚೀಲಗಳನ್ನು ಬಿಟ್ಟು ಹೊರಡಬೇಕು. ಒಂದೇ ಕಡೆ ಎಲ್ಲವನ್ನೂ ಕೂಡಿಸುವ ಪ್ರತಿಯೊಂದು ವ್ಯವಸ್ಥೆಯ ತೊಡಕು ಇದು. ಇಂದಿನ ದೊಡ್ಡ ನಿಲ್ದಾಣಗಳಲ್ಲಿ ವಿಮಾನ ಬದಲಾಯಿಸುವವರು ಅನುಭವಿಸುವುದೂ ಇದನ್ನೇ.

ರಾತ್ರಿಯ ಹಾರಾಟದಲ್ಲಿ ಅಪಾಯವೂ ಇತ್ತು. 1953ರ ಡಿಸೆಂಬರ್ 12ರಂದು ನಾಗಪುರದಿಂದ ಮದರಾಸಿನ ಕಡೆಗೆ ಹೊರಟ ಡಕೋಟಾ ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ನೆಲಕ್ಕಪ್ಪಳಿಸಿ 13 ಮಂದಿ ಪ್ರಾಣ ಕಳೆದುಕೊಂಡರು. ಮುಂಜಾನೆ ಮನೆಗೆ ಬರುತ್ತಿದ್ದ ಪತ್ರಗಳ ಹಿಂದೆ ಇಂಥ ಬೆಲೆಯೂ ಇತ್ತೆಂಬುದನ್ನು ಆ ಕಾಲದ ಓದುಗರು ಬಲ್ಲವರಾಗಿದ್ದರು.

ಮುಂದೆ ಜೆಟ್ ವಿಮಾನಗಳು ಬಂದವು. 1964ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕ್ಯಾರವೆಲ್ ವಿಮಾನಗಳನ್ನು ಬಳಸತೊಡಗಿತು. ನಗರದಿಂದ ನಗರಕ್ಕೆ ನಡುವೆ ಇಳಿಯದೆ ಎರಡು-ಎರಡೂವರೆ ಗಂಟೆಗಳಲ್ಲಿ ಹೋಗಬಹುದಾದ ಮೇಲೆ ನಾಗಪುರದ ನಡುರಾತ್ರಿಯ ಸೇರುವಿಕೆಗೆ ಅರ್ಥ ಕಡಿಮೆಯಾಯಿತು. 1970ರ ದಶಕದಲ್ಲಿ ಅದು ನಿಂತಿತು. ದೂರ ಒಂದು ಕಿ.ಮೀ. ಕೂಡ ಬದಲಾಗಿರಲಿಲ್ಲ.

ವೇಳಾಪಟ್ಟಿ ಹೇಳುವ ಹೊತ್ತು

ಇಂದಿನ ಜೆಟ್ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಸಾಗುತ್ತವೆ. ಈ ವೇಗದಿಂದ 889ನ್ನು ಭಾಗಿಸಿದರೆ 64 ನಿಮಿಷ. ವೇಳಾಪಟ್ಟಿಯಲ್ಲಿ ನಾಗಪುರ-ಬೆಂಗಳೂರು ಹಾರಾಟಕ್ಕೆ ಸುಮಾರು 105 ನಿಮಿಷ ಇರುವುದೇಕೆ? ವೇಳಾಪಟ್ಟಿಯ ಗಡಿಯಾರ ಓಡತೊಡಗುವುದು ವಿಮಾನ ನೆಲ ಬಿಟ್ಟಾಗ ಅಲ್ಲ. ನಿಂತ ಸ್ಥಳದಿಂದ ಅದು ಕದಲಿದಾಗ. ನಿಲ್ಲುವುದೂ ಚಕ್ರಗಳು ನೆಲ ಮುಟ್ಟಿದಾಗ ಅಲ್ಲ. ಇನ್ನೊಂದು ನಿಲ್ದಾಣದಲ್ಲಿ ತನಗೆ ಗೊತ್ತುಮಾಡಿದ ಸ್ಥಳದಲ್ಲಿ ಅದು ನಿಂತಾಗ. ಈ ಅವಧಿಗೆ ವಿಮಾನಯಾನದಲ್ಲಿ ‘ಬ್ಲಾಕ್ ಟೈಮ್’ ಎನ್ನುತ್ತಾರೆ. ನೆಲದ ಮೇಲಿನ ಓಡಾಟ, ಓಟಪಥಕ್ಕಾಗಿ ಸರದಿಯಲ್ಲಿ ಕಾಯುವುದು, ಕಡಿಮೆ ವೇಗದಲ್ಲಿ ಏರುವುದು, ಇಳಿಯುವ ಮುನ್ನ ಸುತ್ತುವುದು ಎಲ್ಲವೂ ಇದರಲ್ಲಿ ಅಡಕ. ದೂರ ಎಷ್ಟೇ ಇರಲಿ, ಈ ಹೆಚ್ಚುವರಿ ಹೊತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದುದರಿಂದಲೇ ಅರ್ಧ ದೂರದ ಹಾರಾಟಕ್ಕೆ ಅರ್ಧ ಹೊತ್ತು ಸಾಲುವುದಿಲ್ಲ.

ಗಾಳಿಯ ಲೆಕ್ಕವೂ ಇದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ದೆಹಲಿಯಿಂದ ಕೋಲ್ಕತ್ತಕ್ಕೆ 1,313 ಕಿ.ಮೀ. ಗಾಳಿಯಿಲ್ಲದಿದ್ದರೆ 95 ನಿಮಿಷ. ಗಾಳಿಯ ವೇಗ ಗಂಟೆಗೆ 150 ಕಿ.ಮೀ. ಇದ್ದರೆ, ಹೋಗುವಾಗ 80 ನಿಮಿಷ, ಬರುವಾಗ 116 ನಿಮಿಷ. ಹೋಗುವಾಗ ಗಳಿಸಿದ್ದು 15 ನಿಮಿಷವಾದರೆ ಬರುವಾಗ ಕಳೆದುಕೊಂಡದ್ದು 21 ನಿಮಿಷ. ಗಾಳಿ ಕೊಟ್ಟಷ್ಟನ್ನೇ ಹಿಂದಕ್ಕೆ ಪಡೆಯುತ್ತದೆಂದು ತಿಳಿಯುವುದು ತಪ್ಪು. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವೇ ಯಾವಾಗಲೂ ಮೇಲು.

ದೇಶದೇಶಗಳ ಸಂಬಂಧವೂ ಹಾದಿಯನ್ನು ಉದ್ದಮಾಡಬಲ್ಲುದು. 2019ರ ಫೆಬ್ರವರಿ ಕೊನೆಯಿಂದ ಜುಲೈ ಮಧ್ಯದವರೆಗೆ ಪಾಕಿಸ್ತಾನದ ಆಕಾಶಮಾರ್ಗ ಮುಚ್ಚಿದ್ದಾಗ ದೆಹಲಿಯಿಂದ ಯೂರೋಪು ಮತ್ತು ಅಮೆರಿಕಗಳಿಗೆ ಹೋಗುವ ವಿಮಾನಗಳು ದಕ್ಷಿಣಕ್ಕೆ ಬಳಸಿ ಹೋಗಬೇಕಾಯಿತು.

ವಿದೇಶ ಪ್ರಯಾಣದ ವೇಳಾಪಟ್ಟಿಯನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಹೊರಡುವ ಹೊತ್ತನ್ನು ಹೊರಡುವ ಊರಿನ ಗಡಿಯಾರದಿಂದಲೂ ಮುಟ್ಟುವ ಹೊತ್ತನ್ನು ಮುಟ್ಟುವ ಊರಿನ ಗಡಿಯಾರದಿಂದಲೂ ಕೊಟ್ಟಿರುತ್ತಾರೆ. ಮೇಲೆ ಹೇಳಿದ ಧ್ರುವಮಾರ್ಗದ ಮೊದಲ ವಿಮಾನ ಸಾನ್ ಫ್ರಾನ್ಸಿಸ್ಕೊದಿಂದ ಜನವರಿ 9ರ ರಾತ್ರಿ ಹೊರಟು ಬೆಂಗಳೂರಿನಲ್ಲಿ 11ರ ನಸುಕಿನಲ್ಲಿ ಇಳಿಯಿತು. ತಾರೀಖುಗಳನ್ನಷ್ಟೇ ನೋಡಿದವರಿಗೆ ಒಂದೂಕಾಲು ದಿನ ಹಾರಿದಂತೆ ಕಾಣುತ್ತದೆ. ಚಳಿಗಾಲದಲ್ಲಿ ಆ ಊರಿನ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುವುದರಿಂದ ನಿಜವಾದ ಹಾರಾಟ ಸುಮಾರು 17 ಗಂಟೆ ಮಾತ್ರ.

ಬಾಗಿಲಿನಿಂದ ಬಾಗಿಲಿಗೆ

ಈಗ ಇತವಾರಿಯ ಪ್ರಯಾಣಿಕನ ಲೆಕ್ಕವನ್ನು ಮುಗಿಸಬಹುದು. 2005ರಿಂದ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರ ಹೆಸರಿನಲ್ಲಿರುವ ನಾಗಪುರದ ನಿಲ್ದಾಣವು ಪೇಟೆಯಿಂದ ಹತ್ತು-ಹನ್ನೆರಡು ಕಿ.ಮೀ. ದೂರ. ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ದಾಟಿ ಹೋಗಲು 50 ನಿಮಿಷ ಇಟ್ಟುಕೊಳ್ಳುವುದು ಲೇಸು. ಮೆಟ್ರೋದಲ್ಲಿ ಹೋಗುವವರು ಸೀತಾಬರ್ಡಿಯಲ್ಲಿ ಮಾರ್ಗ ಬದಲಾಯಿಸಬೇಕು. ನಿಲ್ದಾಣದಲ್ಲಿ ಎರಡು ಗಂಟೆ ಮುಂಚೆ ಇರಬೇಕು. ಸಾಮಾನು ಒಪ್ಪಿಸುವ ಕೌಂಟರನ್ನು ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ಹಾರಾಟ ಒಂದೂಮುಕ್ಕಾಲು ಗಂಟೆ. ಸಾಮಾನು ಬರಲು ಅರ್ಧ ಗಂಟೆ. 2008ರಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣದಿಂದ ಬೆಂಗಳೂರಿನ ಒಳಭಾಗಕ್ಕೆ ಒಂದೂಕಾಲು ಗಂಟೆ. ಒಟ್ಟು 6 ಗಂಟೆ 20 ನಿಮಿಷ. ಇದರಲ್ಲಿ ವಿಮಾನದ ವೇಗ ನಿಜವಾಗಿ ಕೆಲಸ ಮಾಡಿದ್ದು ಆರರಲ್ಲಿ ಒಂದು ಪಾಲು ಮಾತ್ರ. ಹೀಗಿದ್ದರೂ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಹಗಲು-ರಾತ್ರಿ ಕಳೆಯಬೇಕಾದ ಹಾದಿಯಿದು. ಆದರೆ ನಾಗಪುರದಿಂದ ಇನ್ನೂರು-ಮುನ್ನೂರು ಕಿ.ಮೀ.ಗಳಲ್ಲಿರುವ ಊರಿಗೆ ಇದೇ ಲೆಕ್ಕ ಹಾಕಿದರೆ ರೈಲೋ ಬಸ್ಸೋ ಮೊದಲು ಮುಟ್ಟುವ ಸಂಭವವೇ ಹೆಚ್ಚು.

ನೇರ ವಿಮಾನವಿಲ್ಲದ ಊರಿಗೆ ಹೋಗುವವರು ಎರಡು ಹಾರಾಟಗಳಿಗೂ ಒಂದೇ ಟಿಕೆಟ್ ಕೊಳ್ಳುವುದು ಕ್ಷೇಮ. ಬೇರೆಬೇರೆ ಟಿಕೆಟ್‌ಗಳನ್ನು ಕೊಂಡಾಗ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಸಂಸ್ಥೆಯು ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ಸಾಮಾನನ್ನೂ ಮರಳಿ ಪಡೆದು ಮತ್ತೆ ಒಪ್ಪಿಸಬೇಕಾಗುವುದರಿಂದ, ಅಂಥ ಪ್ರಯಾಣದಲ್ಲಿ ನಡುವಿನ ಬಿಡುವು ಮೂರು ಗಂಟೆಗಿಂತ ಕಡಿಮೆಯಿರುವುದು ಅಪಾಯಕರ.

ವೇಳಾಪಟ್ಟಿಯ ಬ್ಲಾಕ್ ಟೈಮ್‌ಗೆ ಕಾನೂನಿನ ಬೆಲೆಯೂ ಉಂಟು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಂತೆ, ಸಮಯಕ್ಕೆ ಸರಿಯಾಗಿ ನಿಲ್ದಾಣದಲ್ಲಿ ಹಾಜರಾದ ಪ್ರಯಾಣಿಕರಿಗೆ ವಿಮಾನ ತಡವಾದಾಗ ಊಟ-ಉಪಾಹಾರ ಒದಗಿಸುವ ಹೊಣೆ ಸಂಸ್ಥೆಯದು. ಎಷ್ಟು ತಡವಾದರೆ ಈ ಹೊಣೆ ಆರಂಭವಾಗುತ್ತದೆಂಬುದನ್ನು ಬ್ಲಾಕ್ ಟೈಮ್ ನಿರ್ಧರಿಸುತ್ತದೆ. ಎರಡೂವರೆ ಗಂಟೆಯವರೆಗಿನ ಹಾರಾಟಕ್ಕೆ ಎರಡು ಗಂಟೆ ತಡ. ಎರಡೂವರೆಯಿಂದ ಐದು ಗಂಟೆಯವರೆಗಿನ ಹಾರಾಟಕ್ಕೆ ಮೂರು ಗಂಟೆ. ಉಳಿದವಕ್ಕೆ ನಾಲ್ಕು ಗಂಟೆ. ನಾಗಪುರ-ಬೆಂಗಳೂರು ಹಾರಾಟವು ಮೊದಲ ವರ್ಗಕ್ಕೆ ಸೇರುತ್ತದೆ. ದೇಶದೊಳಗಿನ ಹಾರಾಟ ಆರು ಗಂಟೆಗೂ ಮೀರಿ ತಡವಾಗುವಂತಿದ್ದರೆ ಬೇರೊಂದು ವಿಮಾನದಲ್ಲಿ ಸ್ಥಳವನ್ನೋ ಪೂರ್ತಿ ಹಣವನ್ನೋ ಕೇಳುವ ಹಕ್ಕು ಪ್ರಯಾಣಿಕನಿಗಿದೆ. ಇದಕ್ಕಾಗಿ ಟಿಕೆಟನ್ನೂ ಬೋರ್ಡಿಂಗ್ ಪಾಸನ್ನೂ ವಿಳಂಬದ ಸೂಚನೆ ಬಂದ ಸಂದೇಶವನ್ನೂ ಪ್ರಯಾಣ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಂಡಿರಬೇಕು.